ದೋನ್ ಬಾಲ್ದೋಮೆರೋ ಮನೆಯ ಗಾಳಿ ಪರೀಕ್ಷೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ... ದೋನ್ ಬಾಲ್ದೋಮೆರೋನಾ? ಅಬ್ಬಾ, ಕೊನೆಗೂ ಫೋನ್ ಎತ್ತಿದ್ರಲ್ಲ! ನಾನು ಓತಿಲಿಯಾ. ... ಯಾವ ಓತಿಲಿಯಾ ಅಂದ್ರೆ? ಓಣಿ ಸಂಘದ ಓತಿಲಿಯಾ ಕಣ್ರೀ! ಚಳಿ ತಡೆಯಲಿ ಅಂತ ನಿಮ್ಮ ಅಟ್ಟಕ್ಕೆ ಉಣ್ಣೆ ತುಂಬೋಕೆ ಹೋಗಿ ಏಣಿಯಿಂದ ಉದುರಿದೋಳು!

...

ಕಾಲು ಹಾಗಿರ್ಲಿ ಬಿಡಿ, ಪಟ್ಟಿ ಕಟ್ಟಿಸ್ಕೊಂಡು ದಿಂಬಿನ ಮೇಲೆ ಮಹಾರಾಣಿ ಥರ ಕೂತಿದೆ. ಪರೀಕ್ಷೆ ಏನಾಯ್ತು ಹೇಳಿ. ಇಂಜಿನಿಯರಮ್ಮ ಬಂದ್ರಾ, ಆ ಸೆನ್ಯೊರೀತಾ ಯಾಸ್ನಾ? ಸೋರೋ ಗಾಳಿ ಅಳೆಯೋಕೆ ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿದ್ರಾ? ... ಹಾಂ. ... ಹಾಂ. ... ಎಂಟಾ?

...

ಎಂಟು ಬಂದ್ರೆ ಹೇಗ್ರೀ? ಐದರೊಳಗೆ ಬರ್ಬೇಕಿತ್ತಲ್ವಾ! ಗಂಟೆಗೆ ಎಂಟು ಸಲ ಮನೆ ಗಾಳಿಯೆಲ್ಲಾ ಹೊರಗೆ ಹೋಗುತ್ತೆ ಅಂದ್ರೆ, ನೀವು ಕಾಯಿಸ್ತಿರೋದು ಮನೇನಲ್ಲ, ಎದುರಿಗಿರೋ ಬೆಟ್ಟಾನ! ... ನಗ್ಬೇಡಿ. ಮಾದರಿಗೆ ಅಂತ ಆರಿಸಿರೋ ನಿಮ್ಮನೆ ಪಾಸಾದ್ರೆ ತಾನೇ ಓಣೀಲಿರೋ ಇಪ್ಪತ್ತೆರಡೂ ಮನೆಗೆ ಗೋಡೆ ತುಂಬೋ ಉಣ್ಣೆ ಮಂಜೂರಾಗೋದು? ಆಯಮ್ಮ ಮಧ್ಯಾಹ್ನ ಹೊರಟುಬಿಟ್ರೆ ಮತ್ತೆ ಕಾಲಿಡೋದು ಹಿಮ ಕರಗಿದ ಮೇಲೇ.

...

ಇಲ್ಲ, ಕಾಯೋಕಾಗಲ್ಲ. ಹೋದ ಜುಲೈ ಚಳೀಲಿ ನನ್ನ ಮೊಮ್ಮಗಳು, ಮನೆ ಬೆಚ್ಚಗಾಗ್ಲಿ ಅಂತ ಹಗಲೂ ರಾತ್ರಿ ಉರಿಸಿದ ಹಸಿ ಸೌದೆ ಹೊಗೆಗೆ ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗಿತ್ತು, ನೀವೇ ಎತ್ಕೊಂಡು ಓಡಿದ್ರಲ್ಲ. ಅಂಥ ಚಳಿಗಾಲ ಇನ್ನೊಂದು ಬಂದ್ರೆ ನನ್ನ ಜೀವ ತಡ್ಯಲ್ಲ, ದೋನ್ ಬಾಲ್ದೋ. ... ಹಾಂ. ಸರಿ. ಅಳ್ತಿಲ್ಲ ಬಿಡಿ.

...

ಈಗ ನಾನು ಹೇಳಿದ ಹಾಗೆ ಮಾಡಿ. ಫ್ಯಾನು ತಿರುಗ್ತಾನೇ ಇರ್ಲಿ. ಒಂದು ಚಿಟಿಕೆ ಉಣ್ಣೆ ಕೈಯಲ್ಲಿ ಹಿಡ್ಕೊಂಡು ಗೋಡೆಯುದ್ದಕ್ಕೂ ನಡೀರಿ. ಎಲ್ಲಿ ಅಲ್ಲಾಡುತ್ತೋ ಅಲ್ಲಿದ್ದಾನೆ ಕಳ್ಳ. ... ಕಿಟಕಿ? ... ಅಲ್ಲಾಡಲ್ಲ. ಭೇಷ್. ಮಂಚದ ಕೆಳಗೆ? ... ಬಗ್ಗೋಕಾಗಲ್ವಾ? ಆಯಮ್ಮನ್ನೇ ಬಗ್ಗಿಸಿ, ವಯಸ್ಸಿದೆ! ... ಅಲ್ಲೂ ಇಲ್ಲ. ಅಡುಗೆಮನೆ?

...

ಏನು? ಹಾರ್ತಾ? ಎಲ್ಲಿಗೆ ಹಾರ್ತು? ... ನಿಮ್ಮ ಮೀಸೆಗಾ! ಯಾವ ಕಡೆಯಿಂದ? ... ಬೀರು? ಯಾವ ಬೀರು, ಮಾಂಸದ ಬೀರುವಾ? ... ದೋನ್ ಬಾಲ್ದೋ, ನಿಜ ಹೇಳಿ. ಅದರ ಬೆನ್ನಿಗೆ ಹಲಗೆ ಇದೆ ತಾನೆ? ... ಬರೀ ನೊಣ ತಡೆಯೋ ಜಾಲರಿ? ಅದರಾಚೆಗೆ? ... ಹಿತ್ತಲು!

...

ಅಯ್ಯಯ್ಯೋ! ಗೋಡೆಗೆ ಕಿಟಕಿಯಷ್ಟು ತೂತು ಕೊರೆದು, ಮುಂದೆ ಬೀರು ಬಾಗಿಲಿಟ್ಟು, ಒಳಗೆ ಕುರಿ ತೊಡೆ ನೇತುಹಾಕಿದ್ದೀರಿ! ನಾವೋ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗೆ, ಬೀಗದ ಕೈ ತೂರೋ ಕಿಂಡಿಗೂ ಮೇಣ ಮೆತ್ತಿದ್ವಿ. ... ತಡೀರಿ. ತಡೀರಿ, ನನಗೆ ನಗು ತಡ್ಯೋಕಾಗ್ತಿಲ್ಲ. ನಮ್ಮನೇಲೂ ಇದೆ ಕಣ್ರೀ! ಇಲ್ಲೇ ಕಣ್ಣೆದುರಿಗೇ ಇದೆ! ಓಣೀಲೆಲ್ಲಾ ಇದೆ! ಮಾಂಸ ಕೆಡಬಾರ್ದು ಅಂತ ಮನುಷ್ಯರನ್ನ ಮರಗಟ್ಟಿಸ್ತಿದ್ದೀವಿ, ಅಲ್ವಾ?

...

ಮುಚ್ಚಲ್ವಾ? ಯಾಕೆ? ... ಭಾನುವಾರದ ಊಟ? ಆ ತೊಡೇನ ಹೊರಗೆ ಮರಕ್ಕೆ ಕಟ್ಟಿ! ... ನಾಯಿ ತಿಂದ್ರೆ ನನ್ನ ಕುರಿ ಕೊಡ್ತೀನಿ, ಇಡೀ ಕುರಿ, ಆಣೆಗೂ! ತೆಗೀರಿ ಈಗ. ... ಉಣ್ಣೆ ಮುಗೀತಾ? ಬೇರೇನಿದೆ? ಕುದುರೆ ಜೀನಿನ ಮೇಲೆ ಕುರಿಚರ್ಮ ಇತ್ತಲ್ಲ, ತುರುಕಿ ಅದನ್ನ.

...

ತುರುಕಿದ್ರಾ? ಈಗೆಷ್ಟಂತೆ? ... ಆರು. ... ಐದೂವರೆ. ಹಾಂ, ಹಾಂ, ಇಳೀಲಿ, ಇಳೀಲಿ. ... ಐದೂ ಕಾಲು. ... ಮುಂದೆ? ... ನಿಂತೇಹೋಯ್ತಾ? ಎಲ್ಲಿ ಉಳೀತು ತೂತು? ... ಮೇಲಿನ ಮೂಲೆ. ಎಷ್ಟಿದೆ? ... ಮುಷ್ಟಿಯಷ್ಟು. ಬಟ್ಟೆ ಇಲ್ವಾ? ಕಾಲುಚೀಲ? ... ಎಲ್ಲಾ ಒದ್ದೆಯಾ? ನಮ್ಮ ಹಣೇಬರಹ! ... ಆಯಮ್ಮ ಗಡಿಯಾರ ನೋಡ್ತಿದ್ದಾಳಾ? ಎರಡು ನಿಮಿಷ ಅನ್ನಿ, ಎರಡೇ ನಿಮಿಷ! ನಾಳೆ ಹಲಗೆ ಹೊಡೆದು ಭದ್ರ ಮಾಡ್ತೀವಿ ಅನ್ನಿ!

...

ಹಲೋ? ದೋನ್ ಬಾಲ್ದೋ? ಏನ್ ಮಾಡ್ತಿದ್ದೀರಿ? ... ಫೋನ್ ಯಾರ ಕೈಲಿದೆ? ... ಓ, ಸೆನ್ಯೊರೀತಾ, ನೀವಾ? ಎಲ್ಲಿ ಹೋದ್ರು ಅವರು? ... ಕುರ್ಚಿ ಮೇಲೆ ಹತ್ತಿದ್ದಾರಾ? ... ಏನು ತೆಗೆದ್ರು? ಟೋಪಿನಾ? ತಲೆ ಮೇಲಿಂದಾನೇ?

...

ನಿಮಗೆ ಗೊತ್ತಿಲ್ಲ ತಾಯಿ. ಮಲಗುವಾಗ್ಲೂ ತೆಗೆಯಲ್ಲ ಅವರು. ಬಿಷಪ್ ಬಂದಾಗ್ಲೂ ತೆಗೀಲಿಲ್ಲ. ಆ ಟೋಪಿ ಇಳಿದಿದ್ದು ನಾನು ಕಂಡಿರೋದು ಒಂದೇ ಸಲ, ಅವರ ಹೆಂಡ್ತಿ ರೆಮೆದಿಯೋಸ್ ಮಣ್ಣಿಗೆ ಹೋದ ದಿನ. ಹೆಣೆದುಕೊಟ್ಟಿದ್ದೂ ಅವಳೇ. ... ಹಾಂ. ಅದೇ ಟೋಪಿ. ಉಣ್ಣೇದೇ. ... ತುರುಕಿದ್ರಾ?

...

ಎಷ್ಟು? ... ಕೇಳಿಸ್ತಿಲ್ಲ, ಗಲಾಟೆ ಯಾರದ್ದು? ... ಓಣಿಯವರೆಲ್ಲಾ ಒಳಗೆ ನುಗ್ಗಿದ್ದಾರಾ? ಎಷ್ಟು ಬಂತು ಹೇಳಿ ತಾಯಿ! ... ನಾಲ್ಕು? ನಾಲ್ಕೂ ಮುಕ್ಕಾಲು? ... ಪಾಸಾ? ಇಪ್ಪತ್ತೆರಡು ಮನೆಗೂ? ... ಅಯ್ಯೋ ದೇವರೇ! ಅವರಿಗೆ ಕೊಡಿ, ಫೋನ್ ಅವರಿಗೆ ಕೊಡಿ! ದೋನ್ ಬಾಲ್ದೋ! ನಿಮ್ಮ ಬೋಳುತಲೆಗೆ ನನ್ನದೊಂದು ಮುತ್ತು! ಹೊರಗೆ ಹೋಗ್ಬೇಡಿ, ತಲೆಗೆ ಚಳಿಯಾಗುತ್ತೆ, ನಾನೇ ಹೊಸದೊಂದು ಹೆಣೀತೀನಿ, ಈಗ್ಲೇ ಸೂಜಿ ಎತ್ಕೋತೀನಿ, ಬಣ್ಣ ಯಾವುದು ಬೇಕು ಹೇಳಿ!