ಒರೆಸಿ ಹೋದ ಕೊಳೆ

ಕೇಳ್ರಪ್ಪ, ಬಸ್ ಸ್ಟಾಪಲ್ಲಿ ನನ್ನ ಪಕ್ಕ ಇಬ್ರು ಸುಸ್ತಾಗಿ ಕೂತಿದ್ರು. ಸಿನಿಮಾ ಸ್ಟುಡಿಯೋದ ಪೇಂಟರು, ಅಲ್ಲೇ ಕಸ ಗುಡಿಸೋ ಹೆಂಗಸು. ನನ್ನ ಹಾಳು ಕಿವಿ ಅಲ್ಲಿಗೇ ಹೋಯ್ತು.

"ಅಣ್ಣಾ, ಆಕಾಶನೌಕೆ ಅಂದ್ರೆ ಫಳಫಳ ಹೊಳೀಬೇಕು ಅನ್ಕೊಂಡು ಸೆಟ್ಟಿನ ಗೋಡೆಯೆಲ್ಲ ಉಜ್ಜಿಬಿಟ್ಟೆ."

"ಕಥೇಲಿ ಅದು ನೂರು ವರ್ಷ ಜನ ಬಾಳಿದ ನೌಕೆ ಕಣಮ್ಮ. ಸ್ವಿಚ್ ಪಕ್ಕದ ಕೈಕೊಳೆ, ಮಂಚದ ಹತ್ರ ತಲೆಯೆಣ್ಣೆ ಕಲೆ, ಎಲ್ಲಾ ನಾನೇ ಬ್ರಷ್ ಹಿಡಿದು ಬರೆದಿದ್ದು."

"ಮ್ಯಾನೇಜರ್ ನನ್ನ ಕೆಲಸದಿಂದ ಓಡಿಸ್ತಾರೆ, ಅಲ್ವಾ?"

"ಬಣ್ಣ ಸರಿ ಬರ್ಲಿಲ್ಲ, ನಾನೇ ಅಳಿಸ್ದೆ ಅಂತ ಅವರಿಗೆ ಹೇಳ್ಬಿಟ್ಟೆ."

"ಬೈದ್ರಾ?"

"ಬೈದು ಬೈದು ಅವರಿಗೇ ಬಾಯಿ ಒಣಗ್ತು. ಇನ್ನು ಮೊದಲಿಂದ ಕೊಳೆ ಮಾಡ್ಬೇಕು."

ಆಯಮ್ಮ ಮೂಗೊರೆಸ್ಕೊಂಡ್ಲು. ಬಸ್ ಬಂತು.

"ನಾಳೆ ಬರ್ಲಾ ಅಣ್ಣಾ?"

"ಬಾ ತಾಯಿ. ಒರೆಸೋ ಬಟ್ಟೆ ಮಾತ್ರ ಮನೇಲೇ ಬಿಟ್ಟು ಬಾ."

ಇಬ್ರೂ ಹತ್ಕೊಂಡು ಹೋದ್ರು.