ಹನ್ನೊಂದು ಹುಡುಗಿಯರ ಹಾಡು

ಅಮೆರಿಕದ ಸ್ಟಾಫರ್ಡ್ ಊರಿನ ಭಾರತೀಯ ಮಿಠಾಯಿ ಅಂಗಡಿಯ ಸಾಲಿನಲ್ಲಿ ಅರೆಗನಸಿನಲ್ಲಿದ್ದಂತೆ ನಿಂತಿದ್ದ ಅನುಸೂಯಾಳ ಕಿವಿಗೆ ಮುಂದಿದ್ದ ತಾಯಿ-ಮಗಳ ಮಾತು ಬಿತ್ತು.

“ನಿಮ್ಮ ಕಾಲೇಜಿನ ಹುಡುಗೀರ ಸಂಘ, ಆ ಸೊರೊರಿಟಿ, ನಾಳೆ ಇನ್ನೊಂದರಾಗ ಸೇರಿಬಿಡ್ತದೇನವ್ವಾ?”

“ಹೂಂ ಅಮ್ಮಾ. ನಾವು ಹನ್ನೊಂದೇ ಜನ, ಅವರು ಇನ್ನೂರು.”

“ಹೆಸರು?”

“ಅವರದೇ. ಬ್ಯಾಡ್ಜೂ ಅವರದೇ.”

“ಮತ್ತ ನೀ ಬಾಗಿಲಾ ಹಾಕ್ಕೊಂಡು ಹಾಡ್ತಿದ್ದ ಹಾಡು?”

“ಅದನ್ನ ಇನ್ನು ಯಾರೂ ಹಾಡಲ್ಲ.”

“ನನಗ ಒಂದ್ ಸಲನೂ ಕಲಿಸಲಿಲ್ಲ ನೀ.”

“ಹೊರಗಿನವರಿಗೆ ಕಲಿಸಬಾರದು ಅಂತ ಆಣೆ ಮಾಡಿದ್ವಿ.”

ತಾಯಿ ಪೇಡೆಯ ಡಬ್ಬಿ ಎತ್ತಿಕೊಂಡಳು. ಬಾಗಿಲ ಬಳಿ ಮಗಳು ನಿಂತಳು.

“ನಾಳೆಯಿಂದ ಒಳಗಿನವರು ಅಂತಲೇ ಯಾರೂ ಇರಲ್ಲ. ಕಲಿಸ್ಲಾ ಅಮ್ಮಾ?”

ಒಂದು ದನಿ ಹಾಡುತ್ತ, ಇನ್ನೊಂದು ತಡವರಿಸುತ್ತ, ಕಾರುಗಳ ನಡುವೆ ದೂರವಾದವು. ಕೌಂಟರಿನವನು ಎರಡು ಸಲ ಕರೆದ ಮೇಲೆಯೇ, ತಾನೂ ಅದನ್ನು ಗುನುಗುತ್ತಿರುವುದು ಅನುಸೂಯಾಳಿಗೆ ಗೊತ್ತಾಗಿದ್ದು.