ಹೊನ್ನೆಕೆರೆಯಲ್ಲಿ ಒಬ್ಬ ಕಮ್ಮಿ

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ ಮಾತ್ರ. ಇದು ನಮ್ಮ ದೊಡ್ಡಪ್ಪನ ಮಗ ಜಿನಚಂದ್ರನಿಗೇ ಆದದ್ದು. ತಾಳಗುಪ್ಪಕ್ಕೆ ಇನ್ನೂ ರೈಲು ಬಂದಿರಲಿಲ್ಲ, ಆಗ.

ಹೊತ್ತು ಇನ್ನೇನು ಮುಳುಗುವುದರಲ್ಲಿತ್ತು. ನಿಟ್ಟೂರಿನ ಕಡೆಯ ಕಾಡುದಾರಿಯಲ್ಲಿ ಜಿನಚಂದ್ರ ಬಿರಬಿರನೆ ಮನೆಗೆ ಬರ್ತಾ ಇದ್ದ. ಖಾಕಿ ಚಡ್ಡಿ, ಕೊರಳಿಗೆ ಸ್ಕೌಟಿನ ಸ್ಕಾರ್ಫು, ಕೈಯಲ್ಲಿ ತುಂಬಿದ ಹಿತ್ತಾಳೆ ತಂಬಿಗೆ. ಓಡೋ ಹಾಗಿಲ್ಲ, ನೀರು ತುಳುಕುತ್ತೆ. ನಿಧಾನಕ್ಕೆ ಬರೋ ಹಾಗೂ ಇಲ್ಲ, ಕತ್ತಲಾಗುತ್ತೆ. ಕತ್ತಲಾದರೆ ಊಟ ಇಲ್ಲ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಸಾಕ್ಷಾತ್ ದೇವೇಂದ್ರನೇ ಬಂದು ಎಲೆ ಮುಂದೆ ಕೂತರೂ ಒಂದು ತುತ್ತು ಸಿಗಲ್ಲ.

ಆಲದ ಮರದ ಹತ್ತಿರ ಬಂದ.

ತಟ್... ತಟ್...

ತಂಬಿಗೆ ನೋಡಿದ. ತುಳುಕಿಲ್ಲ. ನಿಂತ. ಸದ್ದೂ ನಿಂತಿತು. ಹೆಜ್ಜೆ ಇಟ್ಟ. ತಟ್... ತಟ್... ಒಣಗಿದ ತರಗೆಲೆ ಮೇಲೆ ನೀರು ತೊಟ್ಟಿಕ್ಕೋ ಸದ್ದು. ಡಿಸೆಂಬರ್ ತಿಂಗಳು, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ.

ಈ ತಂಬಿಗೆ ಯಾಕೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಕ್ರಿಸ್‌ಮಸ್ ರಜೆಗೆ ಸ್ಕೂಲಿನ ಸ್ಕೌಟ್ ಹುಡುಗರು ಮೂರು ದಿನ ಕ್ಯಾಂಪು ಹೋಗೋದು ಅಂತ ಆಗಿತ್ತು. ಇಪ್ಪತ್ತನಾಲ್ಕು ಹುಡುಗರು, ನಾಲ್ಕು ಡೇರೆ, ಒಂದು ಮೂಟೆ ಅಕ್ಕಿ. ಎಲ್ಲಿಗೆ ಅನ್ನೋದೇ ಜಗಳ. ಜಿನಚಂದ್ರ ನವಿಲು ಪಟಾಲಮ್ಮಿನ ಲೀಡರು, ಅವನದ್ದು ಒಂದೇ ಹಟ: ಸ್ಟೇಟ್ ಫಾರೆಸ್ಟಿನ ಒಳಗಿನ ಹೊನ್ನೆಕೆರೆ. ಅದೇ ಪಟಾಲಮ್ಮಿನ ಶ್ಯಾಮ ಇನ್ನೊಂದು ಕಡೆ ಎಳೀತಿದ್ದ: ಪ್ರವಾಸಿ ಬಂಗಲೆ ಹಿಂದಿನ ಬಯಲು.

"ನಿನ್ನ ಕೆರೆ ನೀರನ್ನ ಎಮ್ಮೆನೂ ಕುಡಿಯಲ್ಲ ಮಾರಾಯ," ಅಂದ ಶ್ಯಾಮ.

"ನೀನು ಕುಡಿದಿದ್ದೀಯಲ್ಲ, ಅದಕ್ಕೇ ಎಮ್ಮೆ ಬಿಟ್ಟಿರಬೇಕು," ಅಂದ ಜಿನಚಂದ್ರ.

ಸ್ಕೌಟ್ ಮೇಷ್ಟ್ರು ನಾಗರಾಜಪ್ಪನವರು ಸೀಟಿ ಊದಿದರು. ಅವರು ಊದಿದರೆ ಬೀದಿ ನಾಯಿಗಳೂ ಅಟೆನ್ಷನ್ ನಿಲ್ತಿದ್ದವು.

"ಜಿನಚಂದ್ರ, ನಾಳೆ ಬೆಳಿಗ್ಗೆ ಒಂದು ತಂಬಿಗೆ ನೀರು ತಂದು ತೋರಿಸು. ಚೆನ್ನಾಗಿದ್ರೆ ಅಲ್ಲೇ ಕ್ಯಾಂಪು. ಇಲ್ಲಾಂದ್ರೆ ಶ್ಯಾಮನೇ ಲೀಡರು. ಇನ್ನೊಂದು ಮಾತು. ಕೆರೆ ದಂಡೆ ಅಂದ್ರೆ ಹುಡುಗಾಟ ಅಲ್ಲ. ದಿನಾ ಸಂಜೆ ತಲೆ ಎಣಿಸ್ತೀನಿ. ಒಬ್ಬ ಕಮ್ಮಿ ಆದ್ರೂ, ಅವನು ಸಿಗೋವರೆಗೆ ಯಾರೂ ಡೇರೆಗೆ ಹೋಗೋ ಹಾಗಿಲ್ಲ."

ಆ ಮಾತು ನೆನಪಿರಲಿ.

ಮನೇಲಿ ಅವನಮ್ಮ, ನಮ್ಮ ಚಂದ್ರಮತಿ ದೊಡ್ಡಮ್ಮ, ಬಿಳಿ ಬಟ್ಟೆ ಎರಡು ಮಡಿಕೆ ಮಾಡಿ ಕೊಟ್ಟಿದ್ದಳು. ನೀರು ಸೋಸಿಯೇ ತುಂಬಬೇಕು. ಆಮೇಲೆ ಬಟ್ಟೆ ತಿರುವಿ ಹಾಕಿ, ಅದೇ ಕೆರೆ ನೀರಲ್ಲಿ ಮೆಲ್ಲಗೆ ಜಾಲಿಸಬೇಕು. ಬಟ್ಟೇಲಿ ಉಳಿದದ್ದು ಕಣ್ಣಿಗೆ ಕಾಣದ ಜೀವ. ಯಾವ ನೀರಿಂದ ತೆಗೆದೆವೋ ಅದೇ ನೀರಿಗೆ ಬಿಡಬೇಕು. ಹಿಂಡಲೇಬಾರದು. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು.

ಜಿನಚಂದ್ರನಿಗೂ ಗೊತ್ತಿತ್ತು. ಆದರೆ ಡೇರೆ ಎಲ್ಲಿ, ಒಲೆ ಎಲ್ಲಿ ಅಂತ ದಂಡೆಯಲ್ಲಿ ಕಡ್ಡಿ ನೆಡುತ್ತಾ ಕೂತು ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ಎದ್ದು ನೋಡ್ತಾನೆ, ಸೂರ್ಯ ಮರದ ಬುಡದಲ್ಲಿ! ಗಡಬಡಿಸಿ ನೀರು ಸೋಸಿದ. ಬಟ್ಟೆಯನ್ನ ಎರಡೂ ಕೈಲಿ ಹಿಡಿದು... ಹಿಂಡಿದ. ಚಡ್ಡಿಯ ಬಲಗಡೆ ಜೇಬಿಗೆ ತುರುಕಿದ. ಹೊರಟ.

ಈಗ ಆಲದ ಮರ.

ತಟ್... ತಟ್...

ಶ್ಯಾಮನದ್ದೇ ಕಿತಾಪತಿ ಅಂದುಕೊಂಡ.

"ಲೋ ಶ್ಯಾಮಾ... ಗೊತ್ತಾಯ್ತು ಕಣೋ. ಹೊರಗೆ ಬಾ."

ಉತ್ತರ ಬಂತು. ಮರದ ಹಿಂದಿನಿಂದಲ್ಲ. ತೊಡೆಯ ಹತ್ತಿರದಿಂದ.

"ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ಒಂದು ಗಂಟಲಲ್ಲ. ತುಂಬಾ ಗಂಟಲು. ಸಣ್ಣ ಮಕ್ಕಳು ಪ್ರಾರ್ಥನೆಗೆ ನಿಂತು ಎಲ್ಲರೂ ಒಟ್ಟಿಗೆ ಪಿಸುಗುಟ್ಟಿದ ಹಾಗೆ.

ಜಿನಚಂದ್ರನ ಬಾಯಿ ಒಣಗಿತು. ಕೈಯಲ್ಲಿ ತಂಬಿಗೆ ತುಂಬ ನೀರಿದೆ, ಒಂದು ಗುಟುಕು ಕುಡಿಯೋ ಧೈರ್ಯ ಇಲ್ಲ.

"ಕತ್ತಲಾಯ್ತು..." ಅಂದವು ಆ ಗಂಟಲುಗಳು. "ನಮಗೂ ಊಟ ಇಲ್ಲ."

ಅವನು ಓಡಿದ ಓಟಕ್ಕೆ ಅರ್ಧ ತಂಬಿಗೆ ಚೆಲ್ಲಿರಬೇಕು. ಮನೆ ಬಾಗಿಲಲ್ಲಿ ನಿಂತು ನೋಡ್ತಾನೆ... ಕಂಠದವರೆಗೆ ತುಂಬಿದೆ.

ದೊಡ್ಡಮ್ಮ ಒಲೆ ಆರಿಸಿ, ಪಾತ್ರೆ ತೊಳೆದು ಮಗುಚಿಟ್ಟಾಗಿತ್ತು. "ಬಂದ್ಯಾ? ನೀರು ತಂದ್ಯಾ? ಬಟ್ಟೆ ಅಲ್ಲೇ ಜಾಲಿಸಿದ್ಯಾ?"

"ಹೂಂ."

ಒಂದೇ ಅಕ್ಷರದ ಸುಳ್ಳು. ಚಡ್ಡಿ ಬಿಚ್ಚಿ ಗೂಟಕ್ಕೆ ಹಾಕಿ ಮಲಗಿದ. ಹಸಿವಿಗೆ ಈ ಮಗ್ಗುಲು, ಹೆದರಿಕೆಗೆ ಆ ಮಗ್ಗುಲು. ಮನೆ ಸದ್ದೆಲ್ಲ ಅಡಗಿದ ಮೇಲೆ...

ತಟ್...

ತಟ್... ತಟ್...

ಗೂಟದ ಕೆಳಗೆ ನೆಲ ಒದ್ದೆ. ಆ ಒದ್ದೆ ಹರಿದು ಹೋಗ್ತಾ ಇತ್ತು, ಬೆರಳಗಲ, ನೆಟ್ಟಗೆ ಬಾಗಿಲ ಕಡೆಗೆ. ಅಂಗಳದ ಕಡೆಗೆ ಇಳಿಜಾರಲ್ಲ ಸ್ವಾಮಿ, ಏರು. ನೀರು ಹೊಸ್ತಿಲನ್ನ ಹತ್ತಿತು. ಹೊರಗಿನಿಂದಲ್ಲ, ಒಳಗಿನಿಂದಲೇ ಬಾಗಿಲು ಕೆರೆಯೋ ಸದ್ದು ಕೇಳಿತು. ಪರ್... ಪರ್... ಉಗುರು ಇನ್ನೂ ಬಲಿಯದ ಕೈಗಳ ಹಾಗೆ.

"ಅಮ್ಮಾ..."

"ಕೇಳಿಸ್ತಾ ಇದೆ," ಅಂದಳು ದೊಡ್ಡಮ್ಮ ಕತ್ತಲಲ್ಲಿ. ಅವಳೂ ಎದ್ದು ಕೂತಿದ್ದಳು. "ಬಟ್ಟೆ ಎಲ್ಲಿ?"

"ಜೇಬಲ್ಲಿ."

"ಹಿಂಡಿದ್ಯಾ?"

ಜಿನಚಂದ್ರ ಕಂಬಳಿಯನ್ನ ಮುಖಕ್ಕೆ ಎಳೆದುಕೊಂಡ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಅವನೇ ಹೇಳಿದ. "ಚಡ್ಡಿ ತಗೋ, ಹಾಗೇ. ನಡಿ," ಅಂದಳು ಅಷ್ಟೇ.

ಒಂದು ಲಾಟೀನು, ಇಬ್ಬರು ಜನ, ಒಂದೂವರೆ ಮೈಲಿ. ಆಲದ ಮರದ ಕೆಳಗೆ ಹೋಗುವಾಗ ಜೇಬಿನೊಳಗೆ ಗುಜುಗುಜು ಶುರುವಾಯಿತು. ರಜೆ ಸಿಕ್ಕಿದ ಮಕ್ಕಳ ಹಾಗೆ.

ಕೆರೆ ದಂಡೆಯಲ್ಲಿ ಅವನು ನೆಟ್ಟ ಕಡ್ಡಿಗಳು ಹಾಗೇ ಇದ್ದವು. ದೊಡ್ಡಮ್ಮ ಮೊಣಕಾಲುದ್ದ ನೀರಿಗಿಳಿದು, ಬಟ್ಟೆ ಬಿಡಿಸಿ, ತಿರುವಿ, ಮೆಲ್ಲಗೆ ಜಾಲಿಸಿದಳು.

ಬುಳ್...

ಬುಳ್ ಬುಳ್... ಬುಳುಬುಳುಬುಳು...

ಒಂದು ಊರಿಗೆ ಊರೇ ನೀರಿಗಿಳಿದ ಹಾಗೆ. ಆಮೇಲೆ ಕೆರೆ ಸುಮ್ಮನಾಯಿತು. ಕಪ್ಪೆಯೂ ಇಲ್ಲ, ಜೀರುಂಡೆಯೂ ಇಲ್ಲ. ಇಬ್ಬರೂ ತಿರುಗಿ ಹೊರಟರು. ಆಗ ಹಿಂದಿನಿಂದ, ನೀರಿನ ನಡುವಿಂದ, ಎಣಿಸೋದು ಶುರುವಾಯಿತು. ಪಿಸುಮಾತಲ್ಲಿ. ಒಬ್ಬರಾದ ಮೇಲೆ ಒಬ್ಬರು, ಸ್ಕೌಟ್ ಹುಡುಗರ ಹಾಗೆ. ಎಣಿಸಿದರು, ಎಣಿಸಿದರು... ಆಲದ ಮರ ದಾಟಿದರೂ ಕೇಳ್ತಾ ಇತ್ತು. ಕಡೆಗೆ ನಿಂತಿತು.

"ಒಬ್ಬ ಕಮ್ಮಿ."

ಬೆಳಿಗ್ಗೆ ನಾಗರಾಜಪ್ಪ ಮೇಷ್ಟ್ರು ತಂಬಿಗೆಯನ್ನ ಬಿಸಿಲಿಗೆ ಹಿಡಿದು ನೋಡಿದರು. "ಆಹಾ, ಕನ್ನಡಿ ಕನ್ನಡಿ! ಅಲ್ಲೇ ಕ್ಯಾಂಪು ಕಣ್ರೋ!" ಹುಡುಗರು ಹೋ ಅಂತ ಕೂಗಿದರು. ಶ್ಯಾಮನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಜಿನಚಂದ್ರ ಹುಡುಗರನ್ನ ನೋಡಿದ. ಇಪ್ಪತ್ತನಾಲ್ಕು ತಲೆ. ರಾತ್ರಿ ಎಲ್ಲರೂ ನೀರಿನ ಪಕ್ಕ ಮಲಗ್ತಾರೆ.

"ಬೇಡ ಸಾರ್," ಅಂದ.

"ಏನೋ?"

"ಆ ಕೆರೆ ಬೇಡ ಸಾರ್. ನಾನು ಹೇಳಿದ್ದೇ ತಪ್ಪು. ಶ್ಯಾಮನೇ ಲೀಡರಾಗಲಿ."

"ಹೆದರುಪುಕ್ಕಲ! ಹೆದರುಪುಕ್ಕಲ!" ಅಂತ ಶ್ಯಾಮ ಕುಣಿದ. ಜಿನಚಂದ್ರ ಲೀಡರ್ ಪಟ್ಟಿ ಬಿಚ್ಚಿ ಅವನ ಕೈಗೆ ಕೊಟ್ಟ. ಯಾಕೆ ಅಂತ ಮಾತ್ರ ಹೇಳಲಿಲ್ಲ. ಕ್ಯಾಂಪು ಬಂಗಲೆ ಹಿಂದೆ ಆಯಿತು. ಮೂರು ದಿನ ಸೊಳ್ಳೆ ಕಚ್ಚಿಸಿಕೊಂಡು ಬಂದರು. ಹೋದವರು ಇಪ್ಪತ್ತನಾಲ್ಕು, ಬಂದವರು ಇಪ್ಪತ್ತನಾಲ್ಕು.

ನಾನು ಹತ್ತು ಸುಳ್ಳು ಹೇಳಿದ್ದೀನಿ, ಒಪ್ಪಿದೆ. ಮೇಷ್ಟ್ರ ಕುರ್ಚಿಗೆ ತುರಿಕೆ ಸೊಪ್ಪು ಸವರಿದ್ದೂ ನಾನೇ. ಆದರೆ ಇದು ಸುಳ್ಳಲ್ಲ. ಆ ಖಾಕಿ ಚಡ್ಡಿ ಇವತ್ತಿಗೂ ದೊಡ್ಡಮ್ಮನ ಮನೆ ಒಲೆಯ ಮೇಲಿನ ಅಟ್ಟದಲ್ಲಿದೆ. ಆರು ಬೇಸಿಗೆ ಹೊಗೆ ಕುಡಿದು ಮಸಿಯಾಗಿದೆ, ಹಪ್ಪಳದ ಹಾಗೆ ಮುರಿಯುತ್ತೆ. ಹೋದ ವಾರ ನಾನೇ ಏಣಿ ಹತ್ತಿ ಕೈ ಹಾಕಿ ನೋಡಿದೆ.

ಬಲಗಡೆ ಜೇಬು ಒದ್ದೆ ಇತ್ತು.